ಮುದ್ದೆಯ ಅಚ್ಚು

ರಾಯದುರ್ಗದ ಜೀನ್ಸ್ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ನಾನು ಪ್ಯಾಂಟುಗಳಿಗೆ ಬ್ಲೀಚ್ ಹೊಡೆದು ಬಣ್ಣ ಇಳಿಸುತ್ತಿದ್ದೆ. ಆಮೇಲೆ ಲೇಸರ್ ಯಂತ್ರ ಬಂತು. ಕಂಪ್ಯೂಟರಿನಲ್ಲಿ ಗೆರೆ ಬರೆದುಕೊಟ್ಟರೆ ಬಟ್ಟೆಯನ್ನು ತಾನೇ ಕತ್ತರಿಸುತ್ತಿತ್ತು. ಅದರ ಮುಂದೆ ಕೂರಲು ಒಬ್ಬರನ್ನು ಆರಿಸಬೇಕಿತ್ತು. ಆ ಜಾಗ ಸಿಕ್ಕರೆ ಬ್ಲೀಚ್ ಕೋಣೆಯಿಂದ ನನಗೆ ಬಿಡುಗಡೆ.

ಕಲಿಸಲು ಬಂದ ಮೇಡಂ ಮೊದಲು ಬಟ್ಟೆ ಮುಟ್ಟಿಸಲಿಲ್ಲ. ಮನೆಯಲ್ಲಿ ಮಾಡುವ ಒಂದು ಊಟಕ್ಕೆ ಹೊಸ ಆಕಾರ ಬರೆಯಬೇಕು, ಯಂತ್ರದಲ್ಲಿ ಪ್ಲೈವುಡ್ ಕತ್ತರಿಸಿ ಅಚ್ಚು ಮಾಡಬೇಕು, ಅದರಲ್ಲಿ ಒತ್ತಿ ತರಬೇಕು. ಉಳಿದವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮುಟ್ಟಿ, ಮೂಸಿ, ತಿಂದು ಹೇಗಿದೆಯೆಂದು ಹೇಳಬೇಕು. ಯಂತ್ರ ನಡೆಸಲು ಕಣ್ಣೊಂದೇ ಸಾಲದು ಎಂದರು.

"ಪ್ಯಾಂಟ್ ಮಾಡೋರಿಗೆ ಅಡಗಿ ಪರೀಕ್ಷೇನ್ರಿ? ನಮ್ಮತ್ತಿ ಒಬ್ಬಾಕಿ ಸಾಲ್ದೇನು!" ಎಂದು ನನ್ನೊಡನೆ ಕಲಿಯಲು ಬಂದಿದ್ದ ಜೊತೆಗಾತಿ ಎಲ್ಲರನ್ನೂ ನಗಿಸಿದಳು. ನಾನು ನಗಲಿಲ್ಲ. ಕೊಟ್ಟ ಕೆಲಸವನ್ನು ಕೊಟ್ಟ ಹಾಗೆ ಮಾಡುವುದು ನನ್ನ ರೂಢಿ.

ರಾಗಿಮುದ್ದೆ ಆರಿಸಿದೆ. ಸಾರು ನಿಲ್ಲಲಿ ಎಂದು ನಡುವೆ ಗುಳಿ ಇಟ್ಟೆ. ಲೇಸರ್ ಮರವನ್ನು ಸುಟ್ಟೇ ಕತ್ತರಿಸುವುದರಿಂದ ಅಂಚಿಗೆ ಕರಿ ಹಿಡಿಯುತ್ತದೆ. "ವಾಸನೆ ಹೋಗೋವರೆಗೂ ತೊಳೀರಿ, ಮೂಸಿ ನೋಡ್ತಾ ಇರಿ" ಎಂದರು ಮೇಡಂ. ಮೂರು ಸಲ ತೊಳೆದೆ. ಕಣ್ಣಿಗೆ ಶುಭ್ರವಾಗಿತ್ತು.

ಅದರಲ್ಲಿ ಒತ್ತಿ ತಂದ ಮುದ್ದೆಯನ್ನು ಜೊತೆಗಾತಿ ಬಾಯಿಗಿಟ್ಟವಳೇ ಉಗುಳಿದಳು.

"ಥೂ! ಯಕ್ಕಾ, ಸುಟ್ಟ ಕಟ್ಟಿಗಿ ನೆಕ್ಕಿದಂಗಾತು! ನಿನಗ ವಾಸ್ನಿ ಬರ್ಲಿಲ್ಲೇನು?"

"ನೆಗಡಿ ಆಗೇತಿ" ಎಂದೆ.

ನೆಗಡಿ ಇರಲಿಲ್ಲ. ಬ್ಲೀಚಿನ ಘಾಟಿಗೆ ನನ್ನ ಮೂಗು ಸತ್ತು ಮೂರು ವರ್ಷವಾಗಿತ್ತು. ಮನೆಯವರಿಗೂ ಹೇಳಿರಲಿಲ್ಲ. ಉಪ್ಪು ಅಳೆದು ಹಾಕುತ್ತಿದ್ದೆ, ಒಗ್ಗರಣೆಯನ್ನು ಎಣಿಸಿ ಇಳಿಸುತ್ತಿದ್ದೆ. ಅಡುಗೆ ಒಂದು ದಿನವೂ ಕೆಟ್ಟಿರಲಿಲ್ಲ.

ಮೇಡಂ ನನ್ನ ಕಣ್ಣು ಮುಚ್ಚಿಸಿ ಮೂಗಿನ ಹತ್ತಿರ ಏನನ್ನೋ ಹಿಡಿದರು.

"ಇದೇನು, ಹೇಳಿ?"

"ಕಾಫಿಪುಡಿ."

ಯಾರೋ ಕಿಸಕ್ಕೆಂದರು. ಕಣ್ಣು ತೆರೆದರೆ ಜಜ್ಜಿದ ಬೆಳ್ಳುಳ್ಳಿ. ನೆಗಡಿಯಲ್ಲ, ಮೂರು ವರ್ಷದಿಂದ ಹೀಗೇ ಎಂದು ಒಪ್ಪಿಕೊಂಡೆ.

"ಯಂತ್ರದೊಳಗೆ ಬೆಂಕಿ ಹತ್ತಿದ್ರೆ ಮೊದಲು ಗೊತ್ತಾಗೋದು ಮೂಗಿಗೇ ಅಮ್ಮಾ. ನಿಮ್ಮನ್ನ ಕೂರಿಸೋಕಾಗಲ್ಲ" ಎಂದರು ಮೇಡಂ. ಮಾತು ಸರಿಯಾಗಿಯೇ ಇತ್ತು.

ಮ್ಯಾನೇಜರು ಬಾಗಿಲಲ್ಲೇ ನಿಂತಿದ್ದರು. "ಮೂರು ವರ್ಷದಿಂದ ವಾಸ್ನಿ ಇಲ್ಲಂದ್ರ ಮೊದ್ಲ ಹೇಳಬಾರದೇನಬೇ? ಬ್ಲೀಚ್ ಕೋಣಿ ಒಳಗಿನ ಟೇಬಲ್ಲಿಗೆ ಘಾಟಿಗಿ ಅಂಜಿ ಯಾರೂ ನಿಲ್ಲವಲ್ರು. ನಿನಗೇನು ತ್ರಾಸಿಲ್ಲಲ್ಲ!"

ಲೇಸರ್ ಯಂತ್ರದ ಮುಂದೆ ಜೊತೆಗಾತಿ ಕೂತಳು. ಮರುದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ನಾನು ಕೈಗವಸು ಹಾಕಿಕೊಂಡು, ಬ್ಲೀಚ್ ಕೋಣೆಯ ಕಿಟಕಿಯಿಲ್ಲದ ಒಳಮೂಲೆಗೆ ಹೋದೆ. ಕಣ್ಣು ಉರಿಯುವುದು ಮಾತ್ರ ಮೊದಲಿನಂತೆಯೇ ಇತ್ತು. ಅಲ್ಲೇ ಇನ್ನೂ ಆರು ವರ್ಷ ನಿಂತೆ.