ಮಗ್ಗಲಕ್ಕ ಹೊಡೆದ ಚೆಂಡು

ನಿಜಾಮರ ಕಾಲ, ದೊಡ್ಡ ಯುದ್ಧ ನಡೆದಿದ್ದ ವರ್ಷಗಳು. ಲಿಂಗಸುಗೂರು ತಾಲೂಕಿನ ಚಿನ್ನದ ಗಣಿಯೊಳಗ ನಾನು ಕಾರಕೂನ. ಆಟದ ಚೆಂಡಿನಿಂದ ಒಂದು ಹಸುಗೂಸಿನ ಜೀವಾ ತಗೀತಿದ್ದೆ ಅಂದರ ಯಾರೂ ನಂಬೂದಿಲ್ಲ. ಖರೇ ಹೇಳ್ತೀನಿ, ಕೂದಲೆಳೆಯಷ್ಟರಾಗ ತಪ್ಪಿತು.

ಗಣಿಯ ಸಾಹೇಬರು ಗೋಲ್ಫ್ ಆಡ್ತಿದ್ದರು. ನಮ್ಮ ಸೀಮಿಯಾಗ ಹಸಿರು ಹುಲ್ಲು ಎಲ್ಲಿಂದ ಬರಬೇಕು? ಅಲ್ಲಲ್ಲಿ ಎಣ್ಣಿ ಹಾಕಿ ಬಡಿದ ಉಸುಕಿನ ಕಟ್ಟಿ, ಒಂದೊಂದರ ನಡುವ ಚೆಂಡು ಬೀಳಸಾಕ ಒಂದು ಕುಣಿ, ಗುರುತಿಗೆ ಕೋಲಿಗೆ ಕಟ್ಟಿದ ಕೆಂಪು ಬಾವುಟ. ಸುತ್ತ ಜಾಲಿ ಕಂಟಿ, ಆಚೆ ರೈತರ ಜೋಳದ ಹೊಲ. ಒಂದು ಮುಂಜಾನೆ ಆಟಕ್ಕ ಒಬ್ಬರು ಕಡಿಮಿ ಬಿದ್ದರು. ಆಫೀಸಿನ ಹಿಂದ ನಾನು ಕದ್ದು ಕದ್ದು ಬಡಿಗಿ ಬೀಸೂದನ್ನ ದೊಡ್ಡ ಸಾಹೇಬ ನೋಡಿದ್ದ. "ಮುನ್ಷಿ, ಆವ್!" ಅಂತ ತನ್ನ ಜೋಡಿ ಆಡಾಕ ಕರೆದ. ನನಗ ಆಕಾಶ ಮೂರೇ ಗೇಣು.

ಕಡೀ ಕುಣಿಗೆ ಬರೂತನಕ ನಾವೂ ಎದುರಿನವರೂ ಸರಿಸಮ ಇದ್ದೆವು. ಅಲ್ಲಿ ನನ್ನ ಚೆಂಡು ಜಾಲಿ ಕಂಟ್ಯಾಗ ಹೊಕ್ಕಿತು. ಚೆಂಡು ಹುಡುಕಿ ಕೊಡಾಕ ಭೀಮಣ್ಣ ಅಂತ ಒಬ್ಬ ಆಡು ಕಾಯೋ ಮುದುಕ ನಮ್ಮ ಜೋಡಿ ಬರ್ತಿದ್ದ. "ಇಲ್ಲೈತ್ರೀ," ಅಂತ ಕೋಲಿನಿಂದ ಮುಳ್ಳು ಸರಿಸಿ ತೋರಿಸಿದ.

ನಾ ಬಗ್ಗಿ ನೋಡಿದೆ. ಎರಡು ಜಾಲಿ ಗಿಡದ ಸಂದ್ಯಾಗ, ಐವತ್ತು ಮಾರು ದೂರ, ಬಾವುಟ ಕೆಂಪಗ ಕಾಣಿಸ್ತು. ಸೀದಾ ಹೊಡದರ ಗೆದ್ದಂಗ! ತೋಳು ಏರಿಸಿ ನಿಂತೆ.

"ಬ್ಯಾಡ್ರೀ," ಅಂದ ಭೀಮಣ್ಣ. "ಆಡಿನ ಕೊಂಬು ಬೇಲ್ಯಾಗ ಸಿಕ್ಕರ ಮುಂದಕ್ಕ ನೂಕತಾರೇನ್ರೀ? ಹಿಂದಕ್ಕ ತಿರುವಿ ಬಿಡಸ್ತಾರ. ಮಗ್ಗಲಕ್ಕ ಹೊಡದು ಬಯಲಿಗೆ ತಗೀರಿ."

"ನಿನಗೇನು ತಿಳೀತದ, ಸುಮ್ಮಿರು ಮಾರಾಯಾ!"

ಬಡಿಗಿ ಎತ್ತಿದೆ. ಮುಳ್ಳು ತೋಳಿಗೆ ಸಿಕ್ಕು ಅಂಗಿ ಪರ್ ಅಂತ ಹರೀತು. ಮತ್ತ ಎತ್ತಿದೆ, ಮತ್ತ ಸಿಕ್ಕಿತು. ಮುದುಕ ಹಲ್ಲು ಕಿರಿದ. ನನಗ ಸಿಟ್ಟು ನೆತ್ತಿಗೇರಿ, "ತಗೋ, ನಿನ್ನ ಮಾತೇ ಆಗಲಿ," ಅಂತ ಅಡ್ಡ ತಿರುಗಿ ಸಣ್ಣಗ ತಟ್ಟಿದೆ. ಚೆಂಡು ಉರುಳಿ ಬಯಲಿಗೆ ಬಂತು. ನಾನೂ ಹೊರಗ ಬಂದು ನೋಡತೀನಿ, ಖರೇ ಬಾವುಟ ಎಡಕ್ಕ, ದಿಬ್ಬದ ಮ್ಯಾಲ ಹಾರಾಡಾಕತ್ತೈತಿ!

ಹಂಗಾರ ನಾ ಕಂಡ ಕೆಂಪು ಏನು?

ಓಡಿಹೋಗಿ ನೋಡಿದೆ. ಹೊಲದ ಬದುವಿನ ಬೇವಿನ ಗಿಡಕ್ಕ ಕೆಂಪು ಸೀರಿ ಕಟ್ಟಿ ಜೋಳಿಗಿ ಹಾಕಿದ್ದರು. ಒಳಗ ನಾಲ್ಕೈದು ತಿಂಗಳ ಕೂಸು. ಕಾಲ ಹೆಬ್ಬೆರಳು ಬಾಯಾಗ ಇಟಗೊಂಡು ನನ್ನ ನೋಡಿ ನಕ್ಕಿತು. ಕಲ್ಲಿನಂಥ ಚೆಂಡು ಅದು. ಅಯ್ಯೋ ಶಿವನೇ! ಅಲ್ಲೇ ನೆಲಕ್ಕ ಕುಂತೆ. ಅಷ್ಟು ದೊಡ್ಡ ಗಂಡಸು ಗಳಗಳ ಅತ್ತುಬಿಟ್ಟೆ.

ಜೋಳ ಕೊಯ್ಯಾಕತ್ತಿದ್ದ ತಾಯಿ ಕುಡಗೋಲು ಬಿಟ್ಟು ಬಂದಳು. "ಯಾಕ್ರೀ ಅಣ್ಣಾ, ಬಿಸಲು ಬಡೀತೇನು?" ಅಂತ ಕೊಡದಾಗಿನ ನೀರು ಕೊಟ್ಟಳು.

ಆಟ ಒಂದೇ ಹೊಡತದ ಅಂತರದಾಗ ಸೋತೆವು. ಸಾಹೇಬ ಬೈದ. ನಾನು ನಕ್ಕೋತ ಬೈಸಿಕೊಂಡೆ, ಅಷ್ಟು ಹಗುರಾಗಿತ್ತು ಜೀವ. ಬರೋ ದಾರ್ಯಾಗ ಭೀಮಣ್ಣನ ಕೈ ಹಿಡಕೊಂಡು, "ಅಲ್ಲಿ ಕೂಸಿದ್ದದ್ದು ನಿನಗ ಗೊತ್ತಿತ್ತೇನು?" ಅಂದೆ.

"ಗೊತ್ತಿದ್ದರ ಮಾತಾಡ್ತಿದ್ದೆನೇನ್ರೀ? ಬಡಿಗಿ ಕಸಗೊಂತಿದ್ದೆ," ಅಂದ.

ಈಗ ನನಗ ವಯಸ್ಸಾಗೈತಿ. ಎಷ್ಟೋ ಗೆಲುವು ಮರತೀನಿ, ಆ ಸೋಲು ಮರತಿಲ್ಲ. ನೆನಸಿದಾಗೆಲ್ಲ ಸದ್ಯ ಉಳೀತಲ್ಲಪಾ ಅಂತ ಉಸಿರು ಬಿಡತೀನಿ. ಕೊರಗು ಒಂದೇ. ಆ ತಾಯಿ ಕೈಯಿಂದ ನೀರು ಕುಡದೆ, ಯಾಕ ಅತ್ತೆ ಅನ್ನೋದು ಮಾತ್ರ ಆಕಿಗೆ ಹೇಳಲಿಲ್ಲ.