ಒಡ್ಡು ಕಡಿಸಿದ ಬೆಳಗು

ಆ ಶ್ರಾವಣದ ಬೆಳಗನ್ನು ನೆನೆದರೆ ಈಗಲೂ ನನಗೆ ಮೊದಲು ಕಾಣುವುದು ಬಿಸಿಲು. ಕಂಪ್ಲಿಯಲ್ಲಿ ಮಳೆಯೇ ಇರಲಿಲ್ಲ. ಮೇಲೆ ಘಟ್ಟದ ಕಡೆ ಸುರಿದದ್ದು ನಮ್ಮಲ್ಲಿಗೆ ಬರೀ ನೀರಾಗಿ ಬಂದಿತ್ತು. ಹೊಸಪೇಟೆಯ ಬಳಿ ಅಣೆಕಟ್ಟು ಆಗುವುದಕ್ಕೆ ಇನ್ನೂ ಎಷ್ಟೋ ವರ್ಷಗಳಿದ್ದ ಕಾಲ. ಹೊಳೆ ಕೆಂಪಗೆ ಹರಡಿಕೊಂಡು, ಸದ್ದಿಲ್ಲದೆ, ಊರಿನ ಹಳೆಯ ಕಾಲುವೆಯೊಳಗೆ ಏರುತ್ತಿತ್ತು.

ಕಾಲುವೆಯ ಈಚೆ ತಗ್ಗಿನಲ್ಲಿ ಅಂಬಿಗರ ಕೇರಿ, ಎಲ್ಲ ಮಣ್ಣಿನ ಮನೆಗಳು. ಆಚೆ ದಡದ ಕೆಳಗೆ ನನ್ನ ಗದ್ದೆ, ಮದುವೆಯಲ್ಲಿ ಅಪ್ಪ ಅರಿಶಿನ-ಕುಂಕುಮಕ್ಕೆಂದು ಕೊಟ್ಟದ್ದು. ನಾಟಿ ಮಾಡಿ ತಿಂಗಳಾಗಿತ್ತು. ನನಗಾಗ ಹತ್ತೊಂಬತ್ತು. ಗಂಡ ಬಳ್ಳಾರಿಗೆ ಹೋಗಿದ್ದರು.

ಹರಿಗೋಲು ನಡೆಸುತ್ತಿದ್ದ ಮುದುಕ ಅಂಬಿಗ ಬಾಗಿಲಿಗೆ ಬಂದು ನಿಂತ. ಮೊಣಕಾಲವರೆಗೆ ಕೆಸರು.

"ಅವ್ವಾರ, ಈಚಿ ದಡ ಒಸರಾಕತ್ತೈತ್ರಿ. ಆಚಿ ಕಡೆ ಒಡ್ಡು ಕಡದ್ರ ನೀರು ನಿಮ್ಮ ಗದ್ದಿಗೆ ಹೊಕ್ಕತೈತಿ. ಕೇರಿ ಉಳೀತೈತಿ."

"ಕಡೀದಿದ್ರ ಕೇರಿ ಹೋಗೇ ಹೋಗತೈತೇನಪ್ಪಾ?" ಅತ್ತೆ ಕೇಳಿದರು.

ಹೌದು ಅಂದುಬಿಡಬಹುದಿತ್ತು ಅವನು. ಅನ್ನಲಿಲ್ಲ. "ಹಂಗ ಹೇಳಾಕ ಬರಂಗಿಲ್ರಿ. ಮಧ್ಯಾನಕ್ಕ ಹೊಳಿ ಇಳದ್ರೂ ಇಳೀಬಹುದು. ಏರಿದ್ರ, ಆಮ್ಯಾಲೆ ಕಡಿಯಾಕ ಆ ಒಡ್ಡಿನ ಮ್ಯಾಲೆ ಯಾರೂ ನಿಂದ್ರಾಕ ಆಗಂಗಿಲ್ಲ."

ಅತ್ತೆ ನನ್ನ ಕಡೆ ತಿರುಗಿದರು. "ಮರಳು ಕುಂತ್ರ ಮೂರು ವರ್ಷ ಭತ್ತ ಬರಂಗಿಲ್ಲ. ಗದ್ದಿ ನಿಂದು. ನೀನ ಹೇಳು."

ಮುದುಕನ ಹಿಂದೆ ಕಾಲುವೆಯ ಕಡೆ ನಡೆದೆ. ಕೇರಿಯವರು ಮಕ್ಕಳನ್ನೂ ಮುದುಕರನ್ನೂ ಆಗಲೇ ಎತ್ತರದ ಗುಡಿಗೆ ಸಾಗಿಸಿದ್ದರು. ಮನೆಗಳನ್ನು ಸಾಗಿಸುವುದು ಹೇಗೆ? ನೀರು ಒಸರುವ ಕಡೆ ಒಬ್ಬ ಹೆಂಗಸು ಅಂಗೈಯಿಂದ ಮಣ್ಣು ಮೆತ್ತುತ್ತಿದ್ದಳು, ಒಲೆಗೆ ಮೆತ್ತುವಷ್ಟು ನಿಧಾನವಾಗಿ. ಆಚೆ ನನ್ನ ಪೈರು ಗಾಳಿಗೆ ಬಾಗಿ ಏಳುತ್ತಿತ್ತು.

"ಕಡೀರಿ," ಅಂದೆ.

ನಾಲ್ಕು ಜನ ಹರಿಗೋಲಿನಲ್ಲಿ ದಾಟಿ ಗುದ್ದಲಿ ಹಾಕಿದರು. ಎಳೆಯಷ್ಟು ತೆಳ್ಳಗೆ ಹೊರಟ ನೀರು ನೋಡನೋಡುತ್ತ ಬಾಗಿಲಷ್ಟು ಅಗಲವಾಯಿತು. ಹಸಿರು ತುದಿಗಳು ಒಂದೊಂದಾಗಿ ಮುಳುಗಿದವು. ಬೆಳ್ಳಕ್ಕಿಯೊಂದು ಮೇಲೆದ್ದು, ಇಳಿಯಲು ಜಾಗ ಕಾಣದೆ, ಸುತ್ತುತ್ತಲೇ ಇತ್ತು. ಕಾಲುವೆ ಒಂದು ಗೇಣು ಇಳಿಯಿತು. ಕೇರಿ ಉಳಿಯಿತು.

ಮಧ್ಯಾಹ್ನ ಹೊಳೆಯೂ ಇಳಿಯತೊಡಗಿತು.

"ಎರಡು ತಾಸು ಕಾಯಬೇಕಿತ್ತು," ಊರಿಗೆ ಬಂದ ಗಂಡ ಮರಳಿನ ಮೇಲೆ ನಿಂತು ಅಂದರು. ಊರಲ್ಲೂ ಅದೇ ಮಾತು. ನಾನು ಮುದುಕನನ್ನೇ ಕೇಳಿದೆ: "ಕಡೀದಿದ್ರ ದಡ ನಿಲ್ತಿತ್ತೇನು?"

"ಗೊತ್ತಿಲ್ರವ್ವಾ. ಇನ್ನ ಗೊತ್ತಾಗಂಗೂ ಇಲ್ಲ."

ಆ ಬೇಸಿಗೆ ಕೇರಿಯವರೆಲ್ಲ ಬುಟ್ಟಿಗಳಲ್ಲಿ ಮರಳು ಹೊತ್ತರು. ಪೂರ್ತಿ ಹೋಗಲಿಲ್ಲ. ಮಾರನೆಯ ವರ್ಷ ಉಳಿದ ಮರಳಿನಲ್ಲೇ ಕಲ್ಲಂಗಡಿ ಬಿತ್ತಿದೆ. ನಾನು ಮಾಡಿದ್ದು ಸರಿಯೋ ತಪ್ಪೋ ಅತ್ತೆ ಒಂದು ದಿನವೂ ಹೇಳಲಿಲ್ಲ. ಮೊದಲ ಹಣ್ಣನ್ನು ಅವರೇ ಕೊಯ್ದು, ಅರ್ಧವನ್ನು ನನ್ನ ಮುಂದಿಟ್ಟು, ಇನ್ನರ್ಧವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೇರಿಯ ಕಡೆ ನಡೆದರು.