ಅವ್ವ ಹಿಡಿದ ಔರಂಗಾಬಾದ್ ದಾರಿ

ನಾಶಿಕ್‌ನಿಂದ ಸಂಭಾಜಿನಗರಕ್ಕೆ ವಿಮಾನದಲ್ಲಾದರೆ ಅರ್ಧ ಗಂಟೆ ಸಾಕಂತೆ. ಇಂದು ಬೆಳಿಗ್ಗೆ ಮಗಳು ಮೊಬೈಲ್ ನೋಡಿ ಹೇಳಿದಾಗ, ಅವ್ವನ ಜೊತೆ ಬಸ್ಸಿನಲ್ಲಿ ಆ ದಾರಿ ಹಿಡಿದ ದಿನ ಕಣ್ಣಿಗೆ ಕಟ್ಟಿತು.

ಆಗ ಅದು ಔರಂಗಾಬಾದ್. ಅಪ್ಪ ನಾಶಿಕ್ ಬಳಿಯ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಮೆಕ್ಯಾನಿಕ್. ಅವ್ವನಿಗೆ ಔರಂಗಾಬಾದಿನಲ್ಲಿ ನರ್ಸಿಂಗ್ ಸೀಟಿಗೆ ಸಂದರ್ಶನವಿತ್ತು. ದಾರಿಯಲ್ಲಿ ವೈಜಾಪುರದ ಹತ್ತಿರ ನಾವು ಮೂವರೂ ಕೂತಿದ್ದ ಬಸ್ಸು ಕೆಟ್ಟು ನಿಂತಿತು.

“ವಿಮಾನ ರಿಪೇರಿ ಮಾಡ್ತೀರಿ, ಇದೊಂದು ಬಸ್ಸು ಆಗಂಗಿಲ್ಲೇನ್ರಿ?” ಎಂದಳು ಅವ್ವ. ಅಪ್ಪ ಅಂಗಿಯ ತೋಳು ಮಡಚಿ ಎಂಜಿನ್ನಿಗೆ ಬಗ್ಗಿದರು. ಮುಖವೆಲ್ಲ ಗ್ರೀಸಾಯಿತೇ ಹೊರತು ಬಸ್ಸು ಕದಲಲಿಲ್ಲ. “ಮನಿಗೆ ಹೋಗೂಣ ನಡಿ” ಎಂದರು.

ಅವ್ವ ರಸ್ತೆಗೆ ನಡೆದು ಈರುಳ್ಳಿ ಟೆಂಪೊ ಒಂದಕ್ಕೆ ಕೈ ಅಡ್ಡ ಹಿಡಿದಳು. ಚೀಲಗಳ ಮೇಲೆ ಕೂತು ನಾವು ನರ್ಸಿಂಗ್ ಶಾಲೆ ಮುಟ್ಟುವಷ್ಟರಲ್ಲಿ ಸಂದರ್ಶನ ಮುಗಿದಿತ್ತು. ತನ್ನನ್ನೂ ಒಂದು ಪ್ರಶ್ನೆ ಕೇಳಿ ಆಮೇಲೆ ಬೇಡವೆನ್ನಿ ಎಂದು ಅವ್ವ ಹರಕು ಮರಾಠಿಯಲ್ಲಿ ಹೇಳಿ ಬಾಗಿಲಲ್ಲೇ ನಿಂತಳು. ಸಂಜೆ ಮನೆಗೆ ಹೊರಟಿದ್ದ ಮೇಟ್ರನ್ ಬ್ಯಾಗು ಕೆಳಗಿಟ್ಟು ಅವಳನ್ನು ಒಳಗೆ ಕರೆದರು. ಸೀಟು ಸಿಕ್ಕಿತು.

ಮೂರು ವರ್ಷ ಅವ್ವ ಅಲ್ಲೇ ಹಾಸ್ಟೆಲಿನಲ್ಲಿದ್ದು ವಾರಕ್ಕೊಮ್ಮೆ ಬಸ್ಸಿನಲ್ಲಿ ಮನೆಗೆ ಬಂದು ಹೋದಳು. ಬಂದಾಗ ನಾನು ಅವಳ ಸೆರಗು ಬಿಡುತ್ತಿರಲಿಲ್ಲ.

ಇಂದು ಮೊಮ್ಮಗಳ ಲೆಕ್ಕ ಕೇಳಿ ಅವ್ವ ನಕ್ಕಳು. “ಅರ್ಧ ತಾಸಿನ್ಯಾಗ ಮುಟ್ಟಿದ್ರ ನಾ ಓದೂದು ಯಾವಾಗವಾ? ಎಲ್ಲಾ ಪರೀಕ್ಷಾ ನಾ ಬಸ್ಸಿನ್ಯಾಗ ಓದೇ ಪಾಸಾಗೀನಿ.”